ಗಡ್ಡೆ ಸಣ್ಣದು ಅಂತ ತೊಡೆಸಂದು ನೋಡದೆ ಬಿಡಬೇಡಿ

ನಮಸ್ಕಾರ. ಹಿಂದಿನ ಸಂಚಿಕೆಗೆ ಒಂದು ಕಮೆಂಟ್ ಬಂದಿದೆ. "ಗಡ್ಡೆ ಇನ್ನೂ ಸಣ್ಣದು, ತೆಗೆದುಹಾಕಿದರೆ ಆಯ್ತು. ತೊಡೆಸಂದಿಗೆ ಯಾಕೆ ಕತ್ತರಿ?" ಓದಿ ತಲೆ ಬಿಸಿಯಾಯಿತು.

ನಾನು ಹೇಳಿದ್ದು ಬಾರ್ಥೊಲಿನ್ ಗ್ರಂಥಿಯ ಕ್ಯಾನ್ಸರ್ ಬಗ್ಗೆ. ಯೋನಿದ್ವಾರದ ಎರಡೂ ಪಕ್ಕ, ಒಳಗಡೆ ಇರುವ ಪುಟ್ಟ ಗ್ರಂಥಿಗಳು ಇವು. ಅಲ್ಲಿ ಕ್ಯಾನ್ಸರ್ ಬಹಳ ಅಪರೂಪ. ಹಾಗಾಗಿ ಎಷ್ಟೋ ಸಲ ಕೀವುಗುಳ್ಳೆ ಅಂದುಕೊಂಡು ಔಷಧಿ ಕೊಟ್ಟು ಕಳಿಸುತ್ತಾರೆ. 40 ದಾಟಿದವರಿಗೆ ಅಲ್ಲಿ ಹೊಸ ಗಂಟು ಬಂದರೆ ಬಯಾಪ್ಸಿ ಮಾಡಿಸಿ, ದಯವಿಟ್ಟು.

ಈಗ ನನ್ನ ಮಾತು. ಗಡ್ಡೆ ಸಣ್ಣದಿದ್ದರೂ ತೊಡೆಸಂದಿನಲ್ಲಿರುವ, ರೋಗಾಣು ಸೋಸುವ ಪುಟ್ಟ ಗಂಟುಗಳಾದ ಲಿಂಫ್ ನೋಡ್‌ಗಳನ್ನು ಪರೀಕ್ಷಿಸಬೇಕು. ಈ ಭಾಗದ ಕ್ಯಾನ್ಸರ್ ಮೊದಲು ಹರಡುವುದೇ ಅಲ್ಲಿಗೆ. ಕೈಯಿಂದ ಮುಟ್ಟಿ ನೋಡಿದರೆ ಸಾಲದು, ಸ್ಕ್ಯಾನ್‌ಗೂ ಸಣ್ಣ ಕಣಗಳು ತಪ್ಪಿಹೋಗುತ್ತವೆ. ಅಲ್ಲಿ ಕಾಯಿಲೆ ಮರಳಿದರೆ ಜೀವ ಉಳಿಸುವುದು ತುಂಬ ಕಷ್ಟ.

"1 ಮಿಲಿಮೀಟರ್‌ಗಿಂತ ಆಳ ಇಲ್ಲದಿದ್ದರೆ ನೋಡ್ ಪರೀಕ್ಷೆ ಬೇಡ ಅಂತಾರಲ್ಲ?" ಅದು ಚರ್ಮದ ಮೇಲೆ ಹುಟ್ಟುವ ಕ್ಯಾನ್ಸರ್‌ನ ಲೆಕ್ಕ ಸ್ವಾಮಿ! ಈ ಗ್ರಂಥಿ ಇರುವುದೇ ಆಳದಲ್ಲಿ. ಆ ಅಳತೆ ಇಲ್ಲಿ ಹೇಗೆ ಹೊಂದುತ್ತದೆ?

"ನೋಡ್ ತೆಗೆದರೆ ಕಾಲು ಊದುತ್ತೆ." ಹೌದು, ಊದಬಹುದು. ಎಲ್ಲ ನೋಡ್ ತೆಗೆದರೆ ಗಾಯ ಬಿರಿಯಬಹುದು, ಸೋಂಕು ಬರಬಹುದು, ಕಾಲು ವರ್ಷಗಟ್ಟಲೆ ಭಾರವಾಗಬಹುದು. ಅದಕ್ಕೇ ಸೆಂಟಿನಲ್ ನೋಡ್ ಬಯಾಪ್ಸಿ ಬಂದಿದ್ದು. ಗಡ್ಡೆಯ ಹತ್ತಿರ ಬಣ್ಣ, ವಿಕಿರಣದ ದ್ರವ ಚುಚ್ಚಿ, ಅದು ಮೊದಲು ಸೇರುವ ನೋಡ್ ಮಾತ್ರ ತೆಗೆದು ನೋಡುತ್ತಾರೆ. ಯೋನಿಯ ಹೊರಭಾಗದ ಕ್ಯಾನ್ಸರ್ ಬಗ್ಗೆ 2008ರಲ್ಲಿ ಬಂದ ಗ್ರೊಯಿನ್ಸ್-ವಿ ಅಧ್ಯಯನ ನೋಡಿ. 4 ಸೆಂಟಿಮೀಟರ್‌ಗಿಂತ ಚಿಕ್ಕದಾದ ಒಂದೇ ಗಡ್ಡೆ, ಸೆಂಟಿನಲ್ ನೋಡ್‌ನಲ್ಲಿ ಏನೂ ಸಿಗದವರು. ಅವರಲ್ಲಿ ತೊಡೆಸಂದಿಗೆ ಕಾಯಿಲೆ ಮರಳಿದ್ದು ಶೇಕಡಾ 2.3. ಕಾಲು ಊತ ಶೇಕಡಾ 1.9. ಎಲ್ಲ ತೆಗೆಸಿಕೊಂಡವರಲ್ಲಿ ಊತ ಶೇಕಡಾ 25ರ ಆಸುಪಾಸು!

ಆ ಅಧ್ಯಯನ ಸ್ಕ್ವೇಮಸ್, ಅಂದರೆ ಚರ್ಮದ ಮೇಲ್ಪದರದಲ್ಲಿ ಹುಟ್ಟುವ, ಕ್ಯಾನ್ಸರ್‌ನವರದ್ದು. ಗ್ರಂಥಿಯ ಕ್ಯಾನ್ಸರ್‌ಗೆ ಅಷ್ಟು ರೋಗಿಗಳೇ ಸಿಗುವುದಿಲ್ಲ. ಹಾಗಾಗಿ ಸೆಂಟಿನಲ್ ಸಾಕಾ, ಪೂರ್ತಿ ತೆಗೆಯಬೇಕಾ, ಒಂದು ಪಕ್ಕವಾ, ಎರಡೂ ಪಕ್ಕವಾ, ಇದನ್ನು ಸ್ತ್ರೀ ಕ್ಯಾನ್ಸರ್ ಸರ್ಜನ್ ಹತ್ತಿರ ಕೂತು ಮಾತಾಡಿ. ಆದರೆ ನೋಡುವುದೇ ಬೇಡ ಅನ್ನುವ ಮಾತು ಬೇಡ. ಬೇಡವೇ ಬೇಡ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಅಮ್ಮನಿಗೆ, ಅಕ್ಕನಿಗೆ ಇದನ್ನು ಕಳಿಸಿ. ನಾಚಿಕೊಂಡು ಫಾರ್ವರ್ಡ್ ಮಾಡದೆ ಇರಬೇಡಿ. ಮುಂದಿನ ವಾರ ಕಾಲಿನ ಊತಕ್ಕೆ ಪಟ್ಟಿ ಕಟ್ಟುವುದು ಹೇಗೆ ಅಂತ ಹೇಳುತ್ತೇನೆ. ಕಮೆಂಟ್ ಹಾಕಿದವರೇ, ನೀವೂ ಬನ್ನಿ.