ಈ ಗುರುತು ಯಾವಾಗ ಬಿತ್ತು?

ಎಲ್ಲರಿಗೂ ನಮಸ್ಕಾರ.

ಹಳೆಯ ನಾಣ್ಯದ ಮೇಲೆ ಗೀರೋ ಗುಳಿಯೋ ಕಂಡ ಕೂಡಲೇ ‘ಹಾಳಾಗಿದೆ’ ಎಂದು ಬದಿಗಿಡುವವರನ್ನು ತುಂಬ ನೋಡಿದ್ದೇನೆ. ಆ ಗುರುತು ಯಾವಾಗ ಬಿತ್ತು ಎಂದು ಕೇಳುವ ಮೊದಲು ಈ ತೀರ್ಪು ಕೊಡಬೇಡಿ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ದೀಪ ಇಟ್ಟು, ಗುರುತು ಉಬ್ಬಿದೆಯೋ ತಗ್ಗಿದೆಯೋ ನೋಡಿ. ನಾಣ್ಯ ಮುದ್ರಿಸುವ ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿಗೆ ಹೊಕ್ಕು ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಅದು ಟಂಕಸಾಲೆಯಿಂದಲೇ ಬಂದದ್ದು. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತದೆ. ಪಕ್ಕಕ್ಕೆ ಸರಿದ ಲೋಹ ಅಂಚಿನಲ್ಲಿ ಸಣ್ಣ ದಿಬ್ಬವಾಗಿ ನಿಂತಿರುತ್ತದೆ. ಸುತ್ತಿಗೆಯಿಂದ ಹೊಡೆದು ಮುದ್ರಿಸಿದ ಮೊಘಲ್ ರೂಪಾಯಿ, ಟಿಪ್ಪುವಿನ ಆನೆ ಪೈಸೆಗಳಲ್ಲಿ ಅಂಚು ಸೀಳಿರುವುದು, ಬರಹ ಅರ್ಧಕ್ಕೇ ನಿಂತಿರುವುದು ಸಾಮಾನ್ಯ. ಎಷ್ಟೋ ಸಲ ಅಚ್ಚು, ಅದರಡಿ ಇಡುವ ಲೋಹದ ಬಿಲ್ಲೆಗಿಂತ ದೊಡ್ಡದಿರುತ್ತಿತ್ತು.

ನನಗೆ ಅತ್ಯಂತ ಪ್ರಿಯವಾದವು ಚಿನಿವಾರರ, ಎಂದರೆ ನಾಣ್ಯ ಪರೀಕ್ಷಿಸಿ ವಿನಿಮಯ ಮಾಡುತ್ತಿದ್ದವರ, ಗುರುತುಗಳು. ಬೆಳ್ಳಿಯ ಹೊದಿಕೆಯೊಳಗೆ ತಾಮ್ರ ಅಡಗಿದೆಯೇ ಎಂದು ತಿಳಿಯಲು ಅವರು ಉಳಿಯಿಂದ ಕಚ್ಚು ಹಾಕುತ್ತಿದ್ದರು. ನಾಣ್ಯ ಸಾಚಾ ಎಂದಾದರೆ ಹೂವು, ನಕ್ಷತ್ರ, ಅರ್ಧಚಂದ್ರದಂಥ ಪುಟ್ಟ ಮುದ್ರೆ ಒತ್ತುತ್ತಿದ್ದರು. ಎರಡು ಸಾವಿರ ವರ್ಷಕ್ಕೂ ಹಳೆಯ ಮುದ್ರಾಂಕಿತ (ಪುಟ್ಟ ಮುದ್ರೆಗಳನ್ನು ಬಿಡಿಬಿಡಿಯಾಗಿ ಒತ್ತಿದ) ಬೆಳ್ಳಿ ನಾಣ್ಯಗಳ ಹಿಂಬದಿಯ ಸಣ್ಣ ಗುರುತುಗಳನ್ನೂ ಅನೇಕ ವಿದ್ವಾಂಸರು ಹೀಗೆಯೇ ಓದುತ್ತಾರೆ. ಇಂಥ ಗುರುತಿಗೆ ಒಂದು ಆಕಾರವಿರುತ್ತದೆ, ಗೆರೆಗಳು ಖಚಿತವಾಗಿರುತ್ತವೆ, ತಗ್ಗಿನೊಳಗೂ ನಾಣ್ಯದ ಉಳಿದ ಭಾಗದಷ್ಟೇ ಹಳೆಯ ಕಪ್ಪು ಕೂತಿರುತ್ತದೆ. ತಗ್ಗಿನ ತಳ ಥಳಥಳ ಹೊಳೆಯುತ್ತಿದ್ದರೆ ಮಾತ್ರ ಅದು ಇತ್ತೀಚಿನ ಪೆಟ್ಟೇ ಎಂದು ಅನುಮಾನಿಸಿ. ಕೈಯಿಂದ ಕೈಗೆ ನಡೆದ ವ್ಯಾಪಾರಕ್ಕೆ ಸಾಕ್ಷಿಯಾದ ಈ ಮುದ್ರೆಗಳನ್ನು ದೋಷವೆಂದು ಬೆಲೆ ಇಳಿಸುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಲ್ಲಿ ಮೊದಲು ಅಂಚನ್ನು ನೋಡಿ. ಒಂದು ಕಡೆ ಮಾತ್ರ ಹಲ್ಲುಗಳು ಅಳಿಸಿ, ಬೂದು ಬಣ್ಣದ ತೇಪೆ ಇದ್ದರೆ ಅಲ್ಲೊಂದು ಕುಣಿಕೆ ಬೆಸೆದಿತ್ತು ಎಂದರ್ಥ. ಲಂಬಾಣಿ ಹೆಣ್ಣುಮಕ್ಕಳ ಒಡವೆ, ಉಡುಪುಗಳಲ್ಲಿ ಇಂಥ ರೂಪಾಯಿಗಳನ್ನು ಈಗಲೂ ಕಾಣಬಹುದು. ತೂಕವನ್ನೂ ನೋಡಿ: ಹೊಸದಾಗಿದ್ದಾಗ 11.66 ಗ್ರಾಂ. ಅಂಚನ್ನು ಅರದಿಂದ ಉಜ್ಜಿದ್ದರೆ ತಕ್ಕಡಿ ಹೇಳುತ್ತದೆ. ಆದರೆ ಬೆಸುಗೆ ಉಳಿದಿದ್ದರೆ ಆ ನಷ್ಟ ಮುಚ್ಚಿಹೋಗಬಹುದು, ತೂಕವೊಂದನ್ನೇ ನಂಬಬೇಡಿ.

ಇನ್ನು ಹುಣಸೆಹಣ್ಣು. ಹಿತ್ತಾಳೆ ಪಾತ್ರೆಗೆ ಸರಿ, ನಾಣ್ಯಕ್ಕೆ ದಯವಿಟ್ಟು ಬೇಡ. ಹುಳಿಗೆ ತಾಮ್ರದ ಮೇಲಿನ ಪದರ ಕರಗಿ, ಒಳಗಿನ ಲೋಹ ಅಸಹಜವಾದ ಕೆಂಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೂದಿ ಹಾಕಿ ತಿಕ್ಕಿದ್ದರೆ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಕಳೆದ ಪದರ ಮತ್ತೆ ಬರುವುದಿಲ್ಲ.

ತಾಮ್ರದ ಮೇಲಿನ ಎಲ್ಲ ಹಸಿರೂ ಒಂದೇ ಅಲ್ಲ. ಗಟ್ಟಿಯಾಗಿ, ನಯವಾಗಿ ಅಂಟಿಕೊಂಡ ಕಡುಹಸಿರನ್ನು ಮುಟ್ಟಬೇಡಿ. ಅದು ನಾಣ್ಯವನ್ನು ಕಾಯುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳು ಮಾತ್ರ ಅಪಾಯದ ಗುರುತು. ಉಪ್ಪಿನಿಂದ ಸೇರಿದ ಕ್ಲೋರೈಡು ತೇವ ಮತ್ತು ಗಾಳಿಯ ಜೊತೆ ಕೂಡಿ ಲೋಹವನ್ನು ಒಳಗಿನಿಂದ ತಿನ್ನುತ್ತಿರುತ್ತದೆ. ಕರಾವಳಿಯವರು ಇದರ ಬಗ್ಗೆ ವಿಶೇಷವಾಗಿ ಎಚ್ಚರದಿಂದಿರಬೇಕು. ಅಂಥ ನಾಣ್ಯವನ್ನು ತೊಳೆಯಲು ಹೋಗದೆ, ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಬಿಗಿಯಾದ ಡಬ್ಬಿಯಲ್ಲಿ ಒಣಗಿಸಿಟ್ಟು, ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ.