ಮೊದಲು ನೋಡಿ, ಆಮೇಲೆ ಬಾಟ್ಲಿ ತೆರೆಯಿರಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಮೀನು ಸಾಕಿರುವವರು ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ಉಳಿದವರೂ ಕೇಳಬಹುದು, ಬೇಡ ಅನ್ನುವುದಿಲ್ಲ.

ನಾನು ಹೇಳಬೇಕಾದದ್ದು ಒಂದೇ ಮಾತು. ಮೀನಿಗೆ ಕಾಯಿಲೆ ಬಂದರೆ ಮೊದಲು ನೋಡಿ, ಆಮೇಲೆ ಔಷಧಿ ಹಾಕಿ. ನೋಡುವುದು ಅಂದರೆ ಗಾಜಿನ ಹೊರಗೆ ನಿಂತು ಅಯ್ಯೋ ಪಾಪ ಅನ್ನುವುದಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡುವುದು. ಸೂಕ್ಷ್ಮದರ್ಶಕ ಅಂತ 30 ವರ್ಷ ಕಾಲೇಜಿನ ಬೋರ್ಡಿನ ಮೇಲೆ ಬರೆದಿದ್ದೇನೆ. ಇವತ್ತು ಬಿಟ್ಟುಬಿಡಿ, ಮೈಕ್ರೋಸ್ಕೋಪ್ ಅಂತಲೇ ಅನ್ನೋಣ. ಈಗ ಡಿಜಿಟಲ್ ಮೈಕ್ರೋಸ್ಕೋಪ್ ಬಂದಿದೆ. ಒಂದು ಕಣ್ಣು ಮುಚ್ಚಿಕೊಂಡು ಕೊಳವೆಯೊಳಗೆ ಇಣುಕುವ ಕಷ್ಟ ಇಲ್ಲ. ಅದರಲ್ಲೇ ಕ್ಯಾಮೆರಾ ಇರುತ್ತದೆ. ಕಂಡದ್ದು ಫೋನಿನಲ್ಲೋ ಟಿವಿಯಲ್ಲೋ ಮೂಡುತ್ತದೆ. ಮನೆಮಂದಿಯೆಲ್ಲ ಕೂತು ನೋಡಬಹುದು.

ಒಂದು ಸಂಗತಿ ಹೇಳುತ್ತೇನೆ. ನಮ್ಮ ಮೇಲಿನ ಮಹಡಿಯವರ ಮಗಳಿಗೆ ಹುಟ್ಟುಹಬ್ಬಕ್ಕೆ ನಾಲ್ಕು ಗೋಲ್ಡ್ ಫಿಶ್ ಬಂದವು. ಹದಿನೈದು ದಿನ ಚೆನ್ನಾಗಿದ್ದವು. ಆಮೇಲೆ ಕಲ್ಲಿಗೆ ಮೈ ಉಜ್ಜತೊಡಗಿದವು. ಎಮ್ಮೆ ಕಂಬಕ್ಕೆ ತಿಕ್ಕಿಕೊಳ್ಳುತ್ತದಲ್ಲ, ಹಾಗೆ. ಹುಡುಗಿಯ ಅಪ್ಪ ಅಂಗಡಿಗೆ ಓಡಿದರು. ಅಂಗಡಿಯವನು ನೀಲಿ ಔಷಧಿ ಕೊಟ್ಟ. ಎರಡು ದಿನ ಬಿಟ್ಟು ಹಳದಿ. ಮತ್ತೆರಡು ದಿನಕ್ಕೆ ಹಸಿರು. ತೊಟ್ಟಿ ನೋಡಿದರೆ ಹೋಳಿ ಹಬ್ಬ! ಒಂದು ಮೀನು ಸತ್ತಿತು. ಮಾರನೇ ದಿನ ಇನ್ನೊಂದು. ಆಗ ನಮ್ಮ ಮನೆ ನೆನಪಾಯಿತು.

“ಸಾರ್, ಇನ್ಯಾವ ಔಷಧಿ ಹಾಕಲಿ?”

“ಏನು ಕಾಯಿಲೆ ಅಂತ ನೋಡಿದ್ರಾ?”

“ನೋಡೋದೇನು ಸಾರ್, ಉಜ್ಜಿಕೊಳ್ತಾ ಇವೆ.”

ಉಜ್ಜಿಕೊಳ್ಳುವುದು ಕಾಯಿಲೆಯಲ್ಲ ಸ್ವಾಮಿ, ತುರಿಕೆ. ಯಾಕೆ ತುರಿಕೆ? ಅದು ತಾನೇ ಗೊತ್ತಾಗಬೇಕಾದದ್ದು!

ನನ್ನ ಮೈಕ್ರೋಸ್ಕೋಪ್ ಎತ್ತಿಕೊಂಡು ಮೇಲೆ ಹೋದೆ. ಅವರ ಟಿವಿಗೇ ವೈರು ಸಿಕ್ಕಿಸಿದೆ. ಸಂಜೆ ಏಳೂವರೆ, ಅಜ್ಜಿಯ ಧಾರಾವಾಹಿ ಹೊತ್ತು. ಅಜ್ಜಿ ಮುಖ ಊದಿಸಿಕೊಂಡು ಅಲ್ಲೇ ಕೂತರು. ಹುಡುಗಿ ಒದ್ದೆ ಬಟ್ಟೆಯಲ್ಲಿ ಮೀನನ್ನು ಮೆತ್ತಗೆ ಹಿಡಿದಳು. ನಾನು ಕವರ್ ಸ್ಲಿಪ್, ಅಂದರೆ ತೆಳು ಗಾಜಿನ ಚೂರು, ಅದರ ಅಂಚಿನಿಂದ ಮೀನಿನ ಮೈಮೇಲಿನ ಲೋಳೆಯನ್ನು ಒಂದು ಸಲ ಸವರಿ ತೆಗೆದೆ. ತಲೆಯಿಂದ ಬಾಲದ ಕಡೆಗೆ ಸವರಬೇಕು, ಎದುರು ಸವರಿದರೆ ಹುರುಪೆ ಏಳುತ್ತದೆ. ಲೋಳೆಯನ್ನು ಸ್ಲೈಡ್ ಅನ್ನುವ ಗಾಜಿನ ಪಟ್ಟಿಯ ಮೇಲಿಟ್ಟು ತೊಟ್ಟಿಯದೇ ನೀರು ಒಂದು ಹನಿ. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ. ಮೀನು ಅರ್ಧ ನಿಮಿಷದಲ್ಲಿ ವಾಪಸ್ ತೊಟ್ಟಿಗೆ.

ಟಿವಿಯಲ್ಲಿ ಮೊದಲು ಬರೀ ಮಂಜು ಮಂಜು. ಫೋಕಸ್ ತಿರುಗಿಸಿದೆ. ಮೊಳದುದ್ದದ ಜಿಗಣೆಯಂಥ ಹುಳು! ನಿಜಕ್ಕೆ ಅದು ಅರ್ಧ ಮಿಲಿಮೀಟರ್. ಒಂದು ತುದಿಯಲ್ಲಿ ಕೊಕ್ಕೆಗಳು. ಅದನ್ನು ಊರಿಕೊಂಡು ಇನ್ನೊಂದು ತುದಿಯನ್ನು ಅತ್ತ ಚಾಚುತ್ತದೆ, ಇತ್ತ ಚಾಚುತ್ತದೆ. ಹುಡುಗಿ ಕಿಟಾರನೆ ಕಿರುಚಿದಳು. ಅಜ್ಜಿ ಮಾತ್ರ ಕನ್ನಡಕ ಸರಿ ಮಾಡಿಕೊಂಡು ಟಿವಿಯ ಹತ್ತಿರಕ್ಕೇ ಹೋದರು. “ಇದರ ನಡು ಹೊಟ್ಟೆಯಲ್ಲಿ ಇನ್ನೊಂದು ಜೊತೆ ಕೊಕ್ಕೆ ಇದೆಯಲ್ಲೋ. ಇದು ಬಸುರಿ ಕಣೋ!”

ನಾನು ಕೂತಲ್ಲಿಂದ ಎದ್ದು ನಿಂತೆ. ವರ್ಷವರ್ಷವೂ ಈ ಹುಳುವಿನ ಚಿತ್ರ ಬರೆಸುತ್ತಿದ್ದೆ, ಒಬ್ಬ ವಿದ್ಯಾರ್ಥಿಯೂ ತಾನಾಗಿ ಇದನ್ನು ಹೇಳಿರಲಿಲ್ಲ. ಇದರ ಹೆಸರು ಗೈರೋಡ್ಯಾಕ್ಟೈಲಸ್. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. “ಅಮ್ಮಾ, ಆ ಮರಿಯ ಹೊಟ್ಟೆಯಲ್ಲೂ ಇನ್ನೊಂದು ಮರಿ ಆಗಲೇ ಬೆಳೀತಾ ಇರುತ್ತೆ” ಅಂದೆ. ಅಜ್ಜಿ ಗಲ್ಲಕ್ಕೆ ಬೆರಳಿಟ್ಟು, “ಹಾಗಾದ್ರೆ ಬಾಣಂತನ ಮಾಡೋರು ಯಾರಪ್ಪಾ?” ಅಂದರು. ಅವತ್ತು ಧಾರಾವಾಹಿ ಯಾರಿಗೂ ನೆನಪಾಗಲಿಲ್ಲ.

ಆ ಮೂರು ಬಣ್ಣಗಳಲ್ಲಿ ಒಂದೂ ಈ ಹುಳುವಿಗೆ ತಕ್ಕ ಮದ್ದಲ್ಲ. ಇದಕ್ಕೆ ಬೇಕಾದದ್ದು ಪ್ರಾಜಿಕ್ವಾಂಟೆಲ್, ನಾಯಿಗಳ ಲಾಡಿಹುಳುವಿಗೆ ಕೊಡುತ್ತಾರಲ್ಲ, ಅದೇ. ಉಳಿದ ಎರಡು ಮೀನು ಬದುಕಿದವು. ಈಗ ಅಂಗೈ ಅಗಲ ಆಗಿವೆ.

ಸತ್ತ ಎರಡು ಮೀನನ್ನೂ ಉಳಿಸಬಹುದಿತ್ತು, ಅಲ್ವಾ? ಮೊದಲು ನೋಡಿದ್ದರೆ.

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಇದೇ ಜಾತಿಯ ಇನ್ನೊಂದು ಹುಳು ಕಿವಿರಿನಲ್ಲಿ ಇರುತ್ತದೆ, ಡ್ಯಾಕ್ಟೈಲೋಗೈರಸ್. ಅದರ ತಲೆಯಲ್ಲಿ ನಾಲ್ಕು ಕಪ್ಪು ಕಣ್ಣುಚುಕ್ಕೆ. ಅದು ಮೊಟ್ಟೆ ಇಡುತ್ತದೆ, ಮೊಟ್ಟೆಗೆ ಔಷಧಿ ತಾಗುವುದಿಲ್ಲ. ಹಾಗಾಗಿ ಮರಿ ಹೊರಬಂದ ಮೇಲೆ ಮತ್ತೆ ಔಷಧಿ ಹಾಕಬೇಕು. ತುರಿಕೆ ಒಂದೇ, ಮದ್ದಿನ ಲೆಕ್ಕ ಬೇರೆ. ಚುಕ್ಕೆ ಇದೆಯೋ ಇಲ್ಲವೋ ನೋಡದೆ ಹೇಗೆ ಗೊತ್ತಾಗಬೇಕು?

ಮೀನಿನ ಬಾಯಿಯ ಹತ್ತಿರ ಹತ್ತಿಯಂಥದ್ದು ಬೆಳೆದರೆ ಎಲ್ಲರೂ ಫಂಗಸ್ ಅನ್ನುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ದಪ್ಪ ಎಳೆಗಳು ಕಂಡರೆ ಹೌದು, ಫಂಗಸ್ಸೇ. ಕೂದಲಿಗಿಂತ ಎಷ್ಟೋ ತೆಳ್ಳಗಿನ ಕಡ್ಡಿಗಳು ಹರಿದಾಡುತ್ತಾ ಹುಲ್ಲಿನ ಬಣವೆಯಂತೆ ಗುಂಪುಗೂಡಿದ್ದರೆ ಅದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಅದಕ್ಕೆ ಫಂಗಸ್ ಔಷಧಿ ಹಾಕುವುದು ಸುಮ್ನೆ ದುಡ್ಡು ದಂಡ. ಮೈಮೇಲೆ ರವೆ ಉದುರಿಸಿದಂತಾಗುವ ಬಿಳಿ ಚುಕ್ಕೆ ರೋಗ ನಿಮಗೆಲ್ಲ ಗೊತ್ತು. ಅದರ ಜೀವಿ ದುಂಡಗೆ ಉರುಳಾಡುತ್ತಿರುತ್ತದೆ, ಒಳಗೆ ಕುದುರೆ ಲಾಳದಂಥ ಆಕಾರ ಕಾಣುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಒಂದು ಎಚ್ಚರ. ಬದುಕಿರುವ ಮೀನಿನಿಂದ ಲೋಳೆ ತೆಗೆಯಿರಿ, ತಕ್ಷಣ ನೋಡಿ. ಸತ್ತ ಮೀನನ್ನು ಕವರಿನಲ್ಲಿ ಕಟ್ಟಿಕೊಂಡು ಮಧ್ಯಾಹ್ನ ನನ್ನ ಬಾಗಿಲು ತಟ್ಟಬೇಡಿ. ಆ ಹೊತ್ತಿಗೆ ಹುಳುಗಳು ಮನೆ ಖಾಲಿ ಮಾಡಿರುತ್ತವೆ.

ಯಾವುದು ಕೊಳ್ಳಬೇಕು? ಪೆನ್ನಿನಂಥ ಯುಎಸ್‌ಬಿ ಮೈಕ್ರೋಸ್ಕೋಪ್ ಸಿಗುತ್ತದೆ. ಡಬ್ಬದ ಮೇಲೆ ಸಾವಿರ ಪಟ್ಟು ಅಂತ ಬರೆದಿರುತ್ತದೆ. ನಂಬಬೇಡಿ. ಚಿತ್ರವನ್ನು ಪರದೆಯ ಮೇಲೆ ಎಳೆದು ಹಿಗ್ಗಿಸಿದ ಲೆಕ್ಕ ಅದು. ಮೀನಿನ ಹೇನು, ಮೊಟ್ಟೆ ನೋಡುವುದಕ್ಕೆ ಅದು ಸಾಕು. ಲೋಳೆ ನೋಡಬೇಕಾದರೆ ಬೆಳಕು ಕೆಳಗಿನಿಂದ ಬರುವಂಥದ್ದು, 40ರಿಂದ 400 ಪಟ್ಟು ತೋರಿಸುವಂಥದ್ದು ಬೇಕು. ಕಾಲೇಜಿನ ಮಕ್ಕಳು ಬಳಸುವ ಸಾದಾ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿದರೂ ಆಯಿತು. ನನ್ನದು ಅದೇ.

ಕಾಯಿಲೆ ಇಲ್ಲದಾಗ ಅದನ್ನು ಅಟ್ಟಕ್ಕೆ ಹಾಕಬೇಡಿ. ಜೀಬ್ರಾ ಮೀನು ಸಾಕಿ, ನಮ್ಮ ದೇಶದ್ದೇ ಮೀನು. 1800ರಲ್ಲಿ ಮೈಸೂರು ಸೀಮೆ ಸುತ್ತಿ ಬೆಳೆ, ಬೆಲೆ ಎಲ್ಲ ಬರೆದುಕೊಂಡ ಬುಕಾನನ್ ಇದ್ದನಲ್ಲ, 1822ರಲ್ಲಿ ಅದಕ್ಕೆ ಶಾಸ್ತ್ರದ ಹೆಸರಿಟ್ಟವನು ಅವನೇ. ಅದು ಬೆಳಗಿನ ಜಾವ ಮೊಟ್ಟೆ ಇಡುತ್ತದೆ. ಮೊಟ್ಟೆ ಗಾಜಿನಂತೆ. ಕಾಫಿ ಲೋಟ ಹಿಡಿದು ಕೂತರೆ ಒಂದು ಕೋಶ ಎರಡಾಗುವುದು, ಎರಡು ನಾಲ್ಕಾಗುವುದು ಪರದೆಯ ಮೇಲೆ ಕಾಣುತ್ತದೆ. ಮಾರನೇ ದಿನ ಅದೇ ಹೊತ್ತಿಗೆ ನೋಡಿ, ಎದೆ ಬಡಿದುಕೊಳ್ಳುತ್ತಿರುತ್ತದೆ. ಮೇಲಿನ ಮನೆ ಅಜ್ಜಿ ಈಗ ಅದಕ್ಕೋಸ್ಕರ ಐದೂವರೆಗೆ ಏಳುತ್ತಾರೆ.

ನಮಸ್ಕಾರ.