ಗೀಸರಿನ ತವರೂರು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಸ್ನಾನ ಮುಗಿಸಿರುತ್ತೀರಿ. ಕೆಲವರು ಗೀಸರ್ ಹಾಕಿ, ನೀರು ಕಾಯಲಿ ಎಂದು ಕಾಯುತ್ತಿರುತ್ತೀರಿ. ಈ ಗೀಸರ್ ಎಂಬ ಪದ ಯಾವ ಭಾಷೆಯದು? ಇಂಗ್ಲಿಷಿನದು ಎನ್ನುತ್ತೀರಿ. ಇಂಗ್ಲಿಷಿನವರಿಗೂ ಅದು ಕಡ ತಂದ ಪದವೇ. ಐಸ್‌ಲ್ಯಾಂಡ್ ದೇಶದ ಒಂದು ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಯೊಂದಿದೆ. ಅದರ ಹೆಸರು ಗೇಸಿರ್. ಉಕ್ಕಿ ಚಿಮ್ಮುವಂಥದ್ದು ಎಂದು ಅರ್ಥ. ಆ ಒಂದು ಬುಗ್ಗೆಯ ಅಂಕಿತನಾಮ ಲೋಕವೆಲ್ಲ ಸುತ್ತಿ, ನಮ್ಮ ಬಚ್ಚಲುಮನೆಗೆ ಬರುವಷ್ಟರಲ್ಲಿ ರೂಢನಾಮವಾಯಿತು. ಆ ದೇಶದ ಒಂದು ಮಾತನ್ನಾದರೂ ನೀವು ದಿನವೂ ಬೆಳಿಗ್ಗೆ ಆಡುತ್ತಿದ್ದೀರಿ.

ನಾನು ಭೂವಿಜ್ಞಾನದ ಮೇಷ್ಟರು. ಪಾಠ ಮಾಡಿದ ಅಷ್ಟೂ ವರ್ಷ, ಐಸ್‌ಲ್ಯಾಂಡ್ ಎಂದೊಡನೆ ಹುಡುಗರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸಾರ್, ಅಲ್ಲಿ ಮಂಜುಗಡ್ಡೆಯ ಮನೆ ಕಟ್ಟಿಕೊಂಡು ಇರುತ್ತಾರೆಯೇ?" ಇಲ್ಲಪ್ಪ, ಇಲ್ಲ. ಆ ದೇಶದ ನೂರರಲ್ಲಿ ಸುಮಾರು ಹತ್ತು ಪಾಲು ನೆಲದ ಮೇಲೆ ಮಾತ್ರ ಹಿಮನದಿಗಳು ಹರಡಿವೆ. ಹೆಸರು ಕೇಳಿ ಮೋಸಹೋಗಬೇಡಿ. ಅದು ಬಿಸಿನೀರಿನ ನಾಡು. ಈ ಮಾತನ್ನು ನಾನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಲ್ಲಿ ನೆಲದಡಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಅಡುಗೆಮನೆಗೆ ಹೋಗಿ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಅದನ್ನು ಎರಡು ಬೆರಳಿನಿಂದ ಆಚೆಗೊಂದಿಷ್ಟು ಈಚೆಗೊಂದಿಷ್ಟು ಸರಿಸಿ. ನಡುವೆ ಸೀಳು ಬಿಟ್ಟು ಕೆಳಗಿನ ಬಿಸಿಹಾಲು ಮೇಲೆ ಬರುತ್ತದೆ. ಭೂಮಿಯ ಮೇಲಿನ ಕಲ್ಲಿನ ಪದರವೂ ಕೆನೆಯ ಹಾಗೆಯೇ. ಅಟ್ಲಾಂಟಿಕ್ ಸಾಗರದ ನಡುವೆ ಅದು ಉದ್ದಕ್ಕೂ ಸೀಳಿದೆ. ಅಮೆರಿಕದ ಕಡೆಯ ಹಲಗೆ ಪಶ್ಚಿಮಕ್ಕೆ, ಯುರೋಪಿನ ಕಡೆಯ ಹಲಗೆ ಪೂರ್ವಕ್ಕೆ ಸರಿಯುತ್ತಿವೆ. ವರ್ಷಕ್ಕೆ ಸುಮಾರು 2 ಸೆಂಟಿಮೀಟರ್, ಒಂದು ಹೆಬ್ಬೆರಳಿನ ಅಗಲ. ಆ ಸೀಳಿನ ಮೇಲೆಯೇ ಐಸ್‌ಲ್ಯಾಂಡ್ ಕುಳಿತಿದೆ. ಕೆಳಗಿನಿಂದ ಕರಗಿದ ಕಲ್ಲು ಬರುತ್ತಲೇ ಇರುತ್ತದೆ. ಮೇಲೆ ಬಿದ್ದ ಮಳೆ, ಕರಗಿದ ಹಿಮ ಬಿರುಕುಗಳಲ್ಲಿ ಇಳಿದು, ಕಾದು, ಮತ್ತೆ ಮೇಲೇರುತ್ತದೆ. ಕೆಳಗೆ ಒಲೆ, ಮೇಲೆ ಹಂಡೆ. ಸೌದೆ ಇಕ್ಕುವ ಕೆಲಸವೇ ಇಲ್ಲ.

ಇಂಥ ಒಲೆ ನಮ್ಮಲ್ಲೂ ಉರಿದಿತ್ತು. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕೇಳುಗರೇ, ನಿಮ್ಮ ಹೊಲದ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲು ಸವೆದು ಆದ ಮಣ್ಣು. ನಮ್ಮ ಒಲೆ ಆರಿತು. ಅವರದು ಆರಿಲ್ಲ.

ದೇಶದ ವಿಸ್ತಾರ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷದ ಒಳಗೆ, ಎಂದರೆ ಮೈಸೂರು ನಗರದ ಅರ್ಧವೂ ಇಲ್ಲ. ರಾಜಧಾನಿ ರೇಕ್ಯಾವಿಕ್. ಹಾಗೆಂದರೆ ಹೊಗೆಯ ಕೊಲ್ಲಿ. ಒಂಬತ್ತನೆಯ ಶತಮಾನದಲ್ಲಿ ನಾರ್ವೆ ಕಡೆಯಿಂದ ಬಂದು ನೆಲೆಸಿದವರಿಗೆ ದಡದಲ್ಲಿ ಹೊಗೆ ಕಂಡಿತಂತೆ. ಹೊಗೆಯೆಲ್ಲಿ ಬಂತು, ಅದು ಬಿಸಿನೀರಿನ ಹಬೆ! ಊರಿನ ಹೆಸರಿನಲ್ಲೂ ಬಿಸಿನೀರೇ.

ಹಬೆಯೇಳುವ ಆ ಬುಗ್ಗೆಗಳಿಗೆ ರೇಕ್ಯಾವಿಕ್‌ನ ಹೆಂಗಸರು ಒಗೆಯುವ ಬಟ್ಟೆಯ ಗಂಟು ಹೊತ್ತು, ಚಳಿಗಾಳಿಯಲ್ಲಿ ಸುಮಾರು 3 ಕಿಲೋಮೀಟರ್ ನಡೆದು ಹೋಗುತ್ತಿದ್ದರು. ಕಾಲುಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಇದ್ದಾರೆ. 1930ರಲ್ಲಿ ಅಲ್ಲಿಂದಲೇ ಪೇಟೆಗೆ ಕೊಳವೆ ಎಳೆದು ಒಂದು ಶಾಲೆಗೆ, ಕೆಲವು ಮನೆಗಳಿಗೆ ಬಿಸಿನೀರು ಕೊಟ್ಟರು. ಅದಕ್ಕೆ ಮುಂಚೆ ಮನೆ ಬೆಚ್ಚಗಾಗಬೇಕಾದರೆ ಕಲ್ಲಿದ್ದಲೇ ಬೇಕು, ಊರ ಮೇಲೆಲ್ಲ ಕರಿಹೊಗೆ. ಇವತ್ತು ದೇಶದ ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೆಚ್ಚಗಿಡುವುದು ಭೂಮಿಯ ಬಿಸಿನೀರು. ರಾಜಧಾನಿಗೆ 27 ಕಿಲೋಮೀಟರ್ ಆಚೆಯಿಂದಲೂ ಕೊಳವೆಯಲ್ಲಿ ನೀರು ಬರುತ್ತದೆ, ಬಂದಾಗಲೂ ಕೈ ಇಡಲಾಗದಷ್ಟು ಬಿಸಿ. ಮನೆಗಳನ್ನು ಸುತ್ತಿ ತಣಿದ ನೀರನ್ನೂ ಅವರು ಸುಮ್ಮನೆ ಚೆಲ್ಲುವುದಿಲ್ಲ. ಪೇಟೆಯ ಕಾಲುದಾರಿಗಳ ಅಡಿಯಲ್ಲಿ ಹರಿಸಿ ಹಿಮ ಕರಗಿಸುತ್ತಾರೆ. ಅಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಬೇಯಿಸಿದ ಮೊಟ್ಟೆಯ ವಾಸನೆ ಬರುತ್ತದೆ, ಗಂಧಕದ್ದು. ಸ್ನಾನಕ್ಕೆ ಮೊದಲು ಬೆಳ್ಳಿಯ ಉಂಗುರ ತೆಗೆದಿಡಿ ಎನ್ನುತ್ತಾರೆ. ನಾನು ಮರೆತೆ, ಉಂಗುರ ಕಪ್ಪಾಯಿತು.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ. ನಿಲಯದವರು ಸಮಯ ನೋಡಿಕೊಳ್ಳಿ ಎಂದಿದ್ದಾರೆ, ಆದರೂ ಇದನ್ನು ಚುಟುಕಾಗಿ ಹೇಳಲು ನನಗೆ ಬರುವುದಿಲ್ಲ.

ದಕ್ಷಿಣ ಕರಾವಳಿಯ ಆಚೆ ಹೇಮಾಯ್ ಎಂಬ ಪುಟ್ಟ ದ್ವೀಪವಿದೆ. ಐದು ಸಾವಿರದ ಚಿಲ್ಲರೆ ಜನ. ಮೀನುಗಾರಿಕೆಯೇ ಬದುಕು, ಬಂದರೇ ತಾಯಿ. 1973ರ ಜನವರಿ 23. ರಾತ್ರಿ ಎರಡು ಗಂಟೆಯ ಸುಮಾರು, ಊರಿನ ಅಂಚಿನ ಹುಲ್ಲುಗಾವಲು ಬಟ್ಟೆ ಹರಿದಂತೆ ಹರಿಯಿತು. ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಬಿರುಕು, ಉದ್ದಕ್ಕೂ ಬೆಂಕಿಯ ಕಾರಂಜಿ. ಕಿಟಕಿ ತೆರೆದರೆ ಎದುರಿಗೇ ಜ್ವಾಲಾಮುಖಿ! ಅದೃಷ್ಟ ನೋಡಿ, ಹಿಂದಿನ ದಿನ ಬಿರುಗಾಳಿ ಇದ್ದುದರಿಂದ ದೋಣಿಗಳು ಕಡಲಿಗೆ ಇಳಿದಿರಲಿಲ್ಲ. ಅಷ್ಟೂ ಬಂದರಿನಲ್ಲೇ ಕಟ್ಟಿಹಾಕಿದ್ದವು. ಮುದುಕರು, ಬಾಣಂತಿಯರು, ನಿದ್ದೆಗಣ್ಣಿನ ಮಕ್ಕಳು, ಎಲ್ಲರೂ ಮೀನಿನ ದೋಣಿ ಹತ್ತಿದರು. ಬೆಳಗಾಗುವಷ್ಟರಲ್ಲಿ ಹೆಚ್ಚುಕಡಿಮೆ ಊರೇ ದ್ವೀಪ ಬಿಟ್ಟಿತ್ತು.

ಉಳಿದುಕೊಂಡ ಕೆಲವು ನೂರು ಜನ ಏನು ಮಾಡಿದರು? ಸಲಿಕೆ ಹಿಡಿದರು. ಚಾವಣಿಯ ಮೇಲೆ ಬೂದಿ ಬೀಳುವುದು, ಇವರು ಎತ್ತಿ ಎಸೆಯುವುದು. ಬೆಂಕಿಯ ಕಡೆಗಿದ್ದ ಕಿಟಕಿಗಳಿಗೆ ತಗಡು ಹೊಡೆದರು. ಆದರೂ ಸುಮಾರು 400 ಮನೆಗಳು ಹೋದವು. ವಿಷಗಾಳಿಗೆ ಒಬ್ಬ ಸತ್ತ. ಅಷ್ಟರಲ್ಲಿ ಲಾವಾ ಬಂದರಿನ ಬಾಯಿಯ ಕಡೆಗೆ ತಿರುಗಿತು. ಹೊಸ ಬೆಟ್ಟದ ಒಂದು ತುಂಡಂತೂ ಕಿತ್ತುಕೊಂಡು, ಲಾವಾದ ಮೇಲೆ ತೇಲುತ್ತಾ ಬಂದರಿನತ್ತ ಹೊರಟಿತು. ಅದಕ್ಕೆ ಅವರಿಟ್ಟ ಹೆಸರು ಅಲೆಮಾರಿ. ಮನೆ ಹೋದರೆ ಕಟ್ಟಬಹುದು, ಬಂದರಿನ ಬಾಯಿ ಮುಚ್ಚಿದರೆ ಆ ದ್ವೀಪದಲ್ಲಿ ಬದುಕಿಲ್ಲ.

ಆಗ ಥೋರ್‌ಬ್ಯೋರ್ನ್ ಸಿಗುರ್‌ಗೇರ್ಸನ್ ಎಂಬ ಭೌತವಿಜ್ಞಾನಿ ಒಂದು ಮಾತು ಹೇಳಿದರು: ಲಾವಾದ ಮೇಲೆ ಸಮುದ್ರದ ನೀರು ಹೊಡೆಯೋಣ. ನಗುವವರು ನಕ್ಕರು. ಉರಿಯುವ ಬೆಟ್ಟಕ್ಕೆ ಚೊಂಬಿನಲ್ಲಿ ನೀರು ಚಿಮುಕಿಸುತ್ತಾರೆಯೇ? ಆದರೆ ಅವರ ಲೆಕ್ಕ ಸರಳ. ಬೆಂಕಿ ಆರಿಸುವುದು ಬೇಡ, ಲಾವಾದ ಮುಂಚೂಣಿಯನ್ನು ಗಟ್ಟಿ ಮಾಡಿದರೆ ಸಾಕು. ಹಿಂದಿನದಕ್ಕೆ ಅದೇ ಅಡ್ಡಗೋಡೆಯಾಗುತ್ತದೆ. ಮೊದಲು ಬೆಂಕಿ ಆರಿಸುವ ಪಂಪುಗಳು, ಆಮೇಲೆ ಅಮೆರಿಕದಿಂದ ತರಿಸಿದ ದೊಡ್ಡ ಪಂಪುಗಳು. ತಿಂಗಳುಗಟ್ಟಲೆ, ಹಗಲು ರಾತ್ರಿ. ಆರಿದಂತೆ ಕಂಡರೂ ಒಳಗೆ ಕೆಂಪಗಿರುವ ಕಲ್ಲಿನ ಮೇಲೆ ಕೊಳವೆ ಹೊತ್ತು ನಡೆದರು, ಬೂಟಿನ ಅಡಿ ಸುಡುತ್ತಿತ್ತು. ಒಟ್ಟು ಸುಮಾರು 60 ಲಕ್ಷ ಘನ ಮೀಟರ್ ಸಮುದ್ರದ ನೀರು!

ಜುಲೈ ಆರಂಭಕ್ಕೆ ಬೆಟ್ಟ ತಣ್ಣಗಾಯಿತು. ಬಂದರು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಲಾವಾ ಅದಕ್ಕೆ ಪ್ರಕೃತಿಯೇ ಕಟ್ಟಿದ ತಡೆಗೋಡೆಯಾಗಿ ನಿಂತು ಬಂದರು ಮೊದಲಿಗಿಂತ ಚೆನ್ನಾಯಿತು. ಬಹುಪಾಲು ಜನ ಮರಳಿ ಬಂದರು, ಬೂದಿ ಬಳಿದು ವಿಮಾನದ ಹಾದಿಗೆ ಹಾಸಿದರು. ಆಮೇಲೆ ಏನು ಮಾಡಿದರು ಹೇಳಿ ನೋಡೋಣ. ತಮ್ಮ ಮನೆಗಳನ್ನು ನುಂಗಿದ ಅದೇ ಲಾವಾದೊಳಕ್ಕೆ ನೀರು ಇಳಿಸಿ, ಅದರ ಹಬೆಯಿಂದ ನೀರು ಕಾಯಿಸಿ, ಹತ್ತು ವರ್ಷಕ್ಕೂ ಮಿಕ್ಕಿ ಊರಿನ ಮನೆಗಳನ್ನು ಬೆಚ್ಚಗಿಟ್ಟುಕೊಂಡರು! ನಾನು ಹೇಳಿದೆನಲ್ಲ, ಬಿಸಿನೀರಿನ ನಾಡು ಎಂದು. ಆ ಬೆಟ್ಟಕ್ಕೆ ಎಲ್ಡ್‌ಫೆಲ್ ಎಂದು ಹೆಸರು, ಬೆಂಕಿಬೆಟ್ಟ.

ಸಮಯ ಓಡಿದೆ. ಎದುರಿನ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ನಾನು ಬರೆದುಕೊಂಡು ಬಂದದ್ದು ಇನ್ನೂ ಮೂರು ಹಾಳೆ ಇದೆ, ಬೇಗ ಬೇಗ ಹೇಳಿಬಿಡುತ್ತೇನೆ.

ಈ ಒಲೆ ಯಾವಾಗಲೂ ಹೀಗೆ ಪಳಗಿರಲಿಲ್ಲ. 1783ರಲ್ಲಿ ಲಾಕಿ ಎಂಬಲ್ಲಿ ನೆಲ ಸೀಳಿ ಎಂಟು ತಿಂಗಳು ಉರಿಯಿತು. ವಿಷ ಹುಲ್ಲಿನ ಮೇಲೆ ಕುಳಿತು ಕುರಿಗಳು ಸತ್ತವು, ಕುರಿಗಳ ಹಿಂದೆ ಜನ. ಐವರಲ್ಲಿ ಒಬ್ಬರು ಹೋದರು. ಇದಕ್ಕೇ ಬೇರೆ ಭಾಷಣ ಬೇಕು.

ಅವರ ಸಂಸತ್ತು ಆಲ್ಥಿಂಗ್ ಮೊದಲು ಸೇರಿದ್ದು 930ರಲ್ಲಿ, ಬಯಲಿನಲ್ಲಿ, ನಾನು ಹೇಳಿದ ಆ ಸೀಳಿನ ಬಂಡೆಗಳ ನಡುವೆಯೇ. 1980ರಲ್ಲಿ ವಿಗ್ದಿಸ್ ಫಿನ್‌ಬೋಗದೋತ್ತಿರ್ ಅವರನ್ನು ಅಧ್ಯಕ್ಷೆಯನ್ನಾಗಿ ಆರಿಸಿದರು. ಜನರ ಮತದಿಂದ ಅಧ್ಯಕ್ಷ ಪದವಿಗೇರಿದ ಮೊದಲ ಮಹಿಳೆ ಲೋಕದಲ್ಲಿ ಅವರೇ. ಅವರ ಹೆಸರಿನ ಕೊನೆಗೆ ಬರುವ ದೋತ್ತಿರ್ ಎಂದರೆ ಮಗಳು. ಫಿನ್‌ಬೋಗಿಯ ಮಗಳು ಎಂದಷ್ಟೇ ಅರ್ಥ, ಮನೆತನದ ಹೆಸರಲ್ಲ. ಹೀಗಾಗಿ ಅಲ್ಲಿ ಅಚ್ಚಾಗುತ್ತಿದ್ದ ದೂರವಾಣಿ ಪುಸ್ತಕದಲ್ಲೂ ಸ್ವಂತ ಹೆಸರಿನ ಅಕ್ಷರಕ್ರಮವೇ ಇತ್ತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮನೆತನದ ಹೆಸರು ಬರೆಯಿರಿ ಎಂದಾಗ ಪೇಚಾಡಿದ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಭಾಷೆಯ ವಿಷಯದಲ್ಲಿ ಅವರದು ಭಾರಿ ಹಟ. ಕಂಪ್ಯೂಟರ್ ಬಂದಾಗ ಆ ಪದ ಬೇಡವೆಂದು ತೋಲ್ವಾ ಎಂದು ಕರೆದರು. ಸಂಖ್ಯೆ ಎಂಬ ಪದವನ್ನೂ ಭವಿಷ್ಯ ನುಡಿಯುವವಳು ಎಂಬ ಪದವನ್ನೂ ಬೆಸೆದ ಮಾತು. ನಮ್ಮಲ್ಲಾದರೆ ಲೆಕ್ಕದ ಕೊರವಂಜಿ ಎನ್ನಬಹುದಿತ್ತು.

ಬಿಸಿನೆಲದಲ್ಲಿ ಹೂತು ಬೇಯಿಸುವ ರೊಟ್ಟಿಯ ವಿಷಯ ಬಿಡುವುದು ಹೇಗೆ? ರೈ ಎಂಬ ಧಾನ್ಯದ ಹಿಟ್ಟನ್ನು ಕಲಸಿ ಪಾತ್ರೆಗೆ ತುಂಬಿ, ಮುಚ್ಚಿ, ಬುಗ್ಗೆಯ ಪಕ್ಕದ ಮರಳಿನಲ್ಲಿ ಒಂದು ದಿನ ಹುಗಿದಿಡುತ್ತಾರೆ. ತೆಗೆದಾಗ ಬೆಲ್ಲದ ಬಣ್ಣ, ಬೆಣ್ಣೆ ಸವರಿದರೆ ಸಾಕು. ಇನ್ನು ಊರೂರಿನಲ್ಲೂ ಬಯಲಿನ ಬಿಸಿನೀರಿನ ಕೊಳಗಳು. ತಲೆಯ ಮೇಲೆ ಹಿಮ ಬೀಳುತ್ತಿರುತ್ತದೆ, ಇವರು ಕುತ್ತಿಗೆಯವರೆಗೆ ಮುಳುಗಿ ರಾಜಕೀಯ ಮಾತನಾಡುತ್ತಾರೆ. ಅವರ ಅರಳಿಕಟ್ಟೆ ಅದೇ. ಶನಿವಾರಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ ಗೊತ್ತೇ? ಸ್ನಾನದ ದಿನ. ಶನಿವಾರ ಎಣ್ಣೆ ಹಚ್ಚಿ ಕೂರಿಸುತ್ತಿದ್ದ ನಮ್ಮ ಅಜ್ಜಿಗೆ ಇದನ್ನು ಹೇಳಬೇಕಿತ್ತು.

ಆಯಿತು, ಆಯಿತು, ಮುಗಿಸುತ್ತೇನೆ. ಆರಂಭದಲ್ಲಿ ಹೇಳಿದ ಗೇಸಿರ್ ಬುಗ್ಗೆಗೆ ಈಗ ವಯಸ್ಸಾಗಿದೆ, ಅಪರೂಪಕ್ಕೊಮ್ಮೆ ಚಿಮ್ಮುತ್ತದೆ. ಅದರ ಪಕ್ಕದ ಸ್ಟ್ರೋಕ್ಕುರ್ ಮಾತ್ರ ಆರರಿಂದ ಹತ್ತು ನಿಮಿಷಕ್ಕೊಮ್ಮೆ, ಯಾರು ನೋಡಲಿ ಬಿಡಲಿ, ತೆಂಗಿನಮರದೆತ್ತರ ಏಳುತ್ತದೆ. ನಾನು ಮಾತು ಶುರುಮಾಡಿದ ಮೇಲೆ ಒಂದು ಸಲವಾದರೂ ಎದ್ದಿರಬೇಕು. ನಿಮ್ಮ ನೀರೂ ಕಾದಿರುತ್ತದೆ, ಹೋಗಿ ಗೀಸರ್ ಆರಿಸಿ. ನಮಸ್ಕಾರ.